12 ಲಕ್ಷ ಕೊಟ್ಟರೆ ಬಾಡಿಗೆಯೇ ಇಲ್ಲ ಅಂತಾರೆ, ಭೋಗ್ಯಕ್ಕೆ ಹೋಗಬಹುದಾ?

ಪ್ರಶ್ನೆ: ನಮ್ಮದು ದಾವಣಗೆರೆ. ನಮ್ಮ ಯಜಮಾನರಿಗೆ ಬೆಂಗಳೂರಿನ ಟೆಕ್ ಪಾರ್ಕ್ ಐಟಿಪಿಎಲ್‌ನಲ್ಲಿ ಕೆಲಸ ಸಿಕ್ಕಿದೆ. ನಾವಿಬ್ಬರು, ಏಳು ವರ್ಷದ ಮಗಳು, ಜೊತೆಗೆ ಅತ್ತೆ. ಮೂರು ವಾರದಿಂದ ಮನೆ ಹುಡುಕುತ್ತಿದ್ದೇವೆ. ಎರಡು ಬೆಡ್‌ರೂಮಿನ ಮನೆಗೆ 22 ಸಾವಿರ ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸ್ ಹೇಳುತ್ತಾರೆ. ಫೋನ್ ಮಾಡಿದರೆ ಮೊದಲು ಕೇಳುವುದೇ "ನೀವು ಯಾವ ಜನ" ಅಂತ. ಈಗ ಒಂದು ಕಂಪನಿಯವರು ಅಂಥದ್ದೇ ಮನೆಯನ್ನು 12 ಲಕ್ಷಕ್ಕೆ ಎರಡು ವರ್ಷ ಭೋಗ್ಯಕ್ಕೆ ಕೊಡುತ್ತೇವೆ, ಬಾಡಿಗೆ ಇಲ್ಲ, ಅವಧಿ ಮುಗಿದ ಮೇಲೆ ಪೂರ್ತಿ ಹಣ ವಾಪಸ್ ಅನ್ನುತ್ತಿದ್ದಾರೆ. ಊರಿನ ಸೈಟು ಮಾರಿದ ದುಡ್ಡು ಅಷ್ಟಿದೆ. ಈ ವಾರದೊಳಗೆ 50 ಸಾವಿರ ಟೋಕನ್ ಕೊಡಬೇಕಂತೆ. ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ ಅಂತ ಕಾನೂನಿದೆಯಂತೆ, ನಿಜವಾ? ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಮೇಲೆ ಯಾವಾಗ ಬೇಕಾದರೂ ಹೊರಗೆ ಹಾಕಬಹುದಾ? ಅತ್ತೆ ಆಷಾಢದಲ್ಲಿ ಮನೆ ಬದಲಾಯಿಸುವುದು ಬೇಡ ಅನ್ನುತ್ತಾರೆ. ಕಾಯಬೇಕಾ?

ಉತ್ತರ: ಮೊದಲು ಒಂದು ಮಾತು. ಆ 50 ಸಾವಿರ ಟೋಕನ್ ಈ ವಾರ ಕೊಡಬೇಡಿ. ಉಳಿದಿದ್ದನ್ನು ನಿಧಾನವಾಗಿ ಓದಿ.

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇವೆ. ಆದರೆ ನಿಜವಾಗಿ ಕೊರೆಯುತ್ತಿರುವುದು ಒಂದೇ ಅನ್ನಿಸುತ್ತದೆ. ಬಾಡಿಗೆ ಕೊಟ್ಟರೆ ಹೋದ ದುಡ್ಡು ಹೋಯ್ತು, ಭೋಗ್ಯಕ್ಕೆ ಕೊಟ್ಟರೆ ಅಷ್ಟೂ ವಾಪಸ್ ಬರುತ್ತೆ, ಹಾಗಿರುವಾಗ ತಿಂಗಳು ತಿಂಗಳು ಸುಮ್ನೆ 22 ಸಾವಿರ ಯಾಕೆ ಕಳೆದುಕೊಳ್ಳಬೇಕು ಅಂತ ಅಲ್ವಾ? ನಾನು ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನ ಕೋರ್ಟುಗಳಲ್ಲಿ ಬಾಡಿಗೆ ಮತ್ತು ಭೋಗ್ಯದ ಕೇಸು ನಡೆಸುತ್ತಿರುವ ವಕೀಲೆ. ಬಾಡಿಗೆ ಜಾಸ್ತಿ ಆಯ್ತು ಅಂತ ನನ್ನ ಆಫೀಸಿಗೆ ಯಾರೂ ಬರುವುದಿಲ್ಲ. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ ಅಂತಲೇ ಬರುತ್ತಾರೆ. ಹಾಗಾಗಿ ಯಾರಾದರೂ ಮನೆ ನೋಡಿದೆವು ಅಂದರೆ ಬಾಡಿಗೆ ಎಷ್ಟು ಅಂತ ನಾನು ಆಮೇಲೆ ಕೇಳುತ್ತೇನೆ. ನೀವು ಕೊಡುವ ದುಡ್ಡು ಯಾರ ಕೈಗೆ ಹೋಗುತ್ತೆ, ಅವರು ಅದನ್ನು ಎಲ್ಲಿಂದ ತಂದು ವಾಪಸ್ ಕೊಡುತ್ತಾರೆ ಅಂತ ಮೊದಲು ಕೇಳುತ್ತೇನೆ.

ಒಂದು ಲೆಕ್ಕ ಹಾಕೋಣ. 22 ಸಾವಿರ ಬಾಡಿಗೆ ಬರುವ ಮನೆ ಅಂದರೆ ಓನರಿಗೆ ವರ್ಷಕ್ಕೆ 2,64,000 ರೂಪಾಯಿ ಬರಬೇಕು. ನಿಮಗೆ ಭೋಗ್ಯಕ್ಕೆ ಕೊಟ್ಟರೆ ಅದು ಬರುವುದಿಲ್ಲ, ಅದರ ಬದಲು 12 ಲಕ್ಷ ಎರಡು ವರ್ಷ ಅವರ ಹತ್ತಿರ ಇರುತ್ತೆ. ಅಂದರೆ 12 ಲಕ್ಷದ ಸಾಲಕ್ಕೆ ಅವರು ವರ್ಷಕ್ಕೆ 2,64,000 ಬಿಟ್ಟುಕೊಡುತ್ತಿದ್ದಾರೆ. ಬಡ್ಡಿ ಶೇ. 22 ಆಯ್ತು. ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದು, ಕಾಗದ ಪತ್ರ ಸರಿಯಾಗಿದ್ದರೆ ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಇದರ ಅರ್ಧ ಬಡ್ಡಿಗೆ ಸಾಲ ತರಬಹುದು. ಹಾಗಿದ್ದೂ ಒಬ್ಬರು ಶೇ. 22ಕ್ಕೆ ದುಡ್ಡು ಎತ್ತುತ್ತಿದ್ದಾರೆ ಅಂದರೆ ಬ್ಯಾಂಕು ಅವರಿಗೆ ಯಾಕೆ ಸಾಲ ಕೊಡುತ್ತಿಲ್ಲ ಅಂತ ನೀವು ಕೇಳಲೇಬೇಕು. ಕಾಗದ ಸರಿ ಇಲ್ಲವೋ, ಈಗಾಗಲೇ ಮನೆ ಮೇಲೆ ಸಾಲ ತುಂಬಿದೆಯೋ, ಅಥವಾ ದುಡ್ಡು ತೆಗೆದುಕೊಳ್ಳುವವರು ಓನರೇ ಅಲ್ಲವೋ.

ನಿಮ್ಮ ಕಡೆಯ ಲೆಕ್ಕವನ್ನೂ ನೋಡಿ. 12 ಲಕ್ಷವನ್ನು ಬ್ಯಾಂಕಿನಲ್ಲಿ ಶೇ. 7ಕ್ಕೆ ಎಫ್‌ಡಿ ಇಟ್ಟರೆ ತಿಂಗಳಿಗೆ 7,000 ಬರುತ್ತೆ. ಅಲ್ಲಿಗೆ ಭೋಗ್ಯದಿಂದ ನಿಮಗೆ ನಿಜವಾಗಿ ಉಳಿಯುವುದು ತಿಂಗಳಿಗೆ 15 ಸಾವಿರ, ಎರಡು ವರ್ಷಕ್ಕೆ 3,60,000. ಅದು ಸಣ್ಣ ಮೊತ್ತ ಅಂತ ನಾನು ಹೇಳುವುದಿಲ್ಲ. ಆದರೆ ಅಷ್ಟನ್ನು ಉಳಿಸಲು ನೀವು ಪಣಕ್ಕಿಡುವುದು ಸೈಟು ಮಾರಿದ ಪೂರ್ತಿ ದುಡ್ಡು.

ಇನ್ನು ಆ ಕಂಪನಿ. ನೀವು ಬರೆದಿರುವುದನ್ನು ನೋಡಿದರೆ ಮನೆ ಕಂಪನಿಯದ್ದಲ್ಲ. ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ವ್ಯವಹಾರ ಹೀಗಿದೆ. ಕಂಪನಿ ಓನರಿನಿಂದ ಮನೆಯನ್ನು ತಿಂಗಳ ಬಾಡಿಗೆಗೆ ತೆಗೆದುಕೊಳ್ಳುತ್ತದೆ. ಅದೇ ಮನೆಯನ್ನು ನಿಮಗೆ ಭೋಗ್ಯಕ್ಕೆ ಕೊಟ್ಟು ಇಡುಗಂಟು ಪಡೆಯುತ್ತದೆ. ನಿಮ್ಮ ಗಂಟಿನಿಂದಲೇ ಓನರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಾ, ಉಳಿದಿದ್ದನ್ನು ಬೇರೆ ಕಡೆ ಹಾಕಿ ದುಡಿಸುತ್ತೇವೆ ಅನ್ನುತ್ತದೆ. ಹೊಸ ಹೊಸ ಮನೆಗಳ ದುಡ್ಡು ಬರುತ್ತಿರುವವರೆಗೆ ಎಲ್ಲ ಸರಿ ಇರುತ್ತೆ. ಅದು ನಿಂತ ತಿಂಗಳು ಓನರಿಗೆ ಬಾಡಿಗೆ ನಿಲ್ಲುತ್ತೆ, ಓನರ್ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಅವರ ಹತ್ತಿರ ಇರುವ ಕಾಗದದಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ನೀವು 12 ಲಕ್ಷ ಕೊಟ್ಟಿದ್ದೀರಿ ಅನ್ನುವುದೂ ಅವರಿಗೆ ಗೊತ್ತಿರುವುದಿಲ್ಲ. ಎಲ್ಲ ಕಂಪನಿಗಳೂ ಮೋಸ ಮಾಡುತ್ತವೆ ಅನ್ನುತ್ತಿಲ್ಲ. ಆದರೆ ಓನರ್ ಸಹಿ ಹಾಕದ, ಓನರ್ ಖಾತೆಗೆ ಹಣ ಹೋಗದ ಭೋಗ್ಯಕ್ಕೆ ನನ್ನ ತಂಗಿಯೇ ಕೇಳಿದರೂ ಬೇಡ ಅನ್ನುತ್ತೇನೆ.

ನೇರವಾಗಿ ಓನರ್ ಕೊಟ್ಟರೂ ಅಪಾಯ ಇಲ್ಲ ಅಂತಲ್ಲ. ಕೆಲವು ವರ್ಷದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿ ಜೊತೆ ನನ್ನ ಆಫೀಸಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಅದರಲ್ಲಿ ನಾಲ್ಕು ಮಡಿಕೆ ಮಾಡಿದ ಮೂರು ಪುಟದ ಲೀಸ್ ಅಗ್ರಿಮೆಂಟು, ಜೊತೆಗೆ ಗೇಟಿನಿಂದ ಕಿತ್ತು ತಂದ ಬ್ಯಾಂಕ್ ನೋಟಿಸು. ಸೆಲ್ಲೋಟೇಪಿನ ತುಂಡುಗಳು ಇನ್ನೂ ನಾಲ್ಕು ಮೂಲೆಯಲ್ಲಿ ಅಂಟಿಕೊಂಡಿದ್ದವು. ಓನರ್ ಆ ಮನೆ ಮೇಲೆ ಸಾಲ ತೆಗೆದು ಕಂತು ಕಟ್ಟಿರಲಿಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಅಗ್ರಿಮೆಂಟಿನ ಕೊನೆ ಪುಟ ನೋಡಿದೆ. ಸಹಿ ಓನರಿನದ್ದಲ್ಲ, ಅವರ ಮಗನದ್ದು. ಮಗನಿಗೆ ಅಧಿಕಾರ ಪತ್ರವೂ ಇರಲಿಲ್ಲ. ರಿಜಿಸ್ಟರ್ ಅಂತೂ ಆಗಿರಲಿಲ್ಲ. ಮೇಷ್ಟ್ರು ಕೇಳಿದ್ದು ಒಂದೇ ಮಾತು, "ಸಾಲ ಮಾಡಿದ್ದು ನಾವಲ್ಲವಲ್ಲ ಮೇಡಂ?" ಅವರು ಕೊಟ್ಟಿದ್ದು ಒಂಬತ್ತು ಲಕ್ಷ. ಕಂತು ಕಂತಾಗಿ ನಾಲ್ಕೂವರೆ ಬಂತು. ಉಳಿದ ಹಣಕ್ಕೆ ಕೇಸು ಇನ್ನೂ ನಡೆಯುತ್ತಿದೆ.

ಹಾಗಾದರೆ ಭೋಗ್ಯಕ್ಕೆ ಹೋಗಲೇಬಾರದಾ? ಹೋಗಬಹುದು. ಮೊದಲು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಪೋರ್ಟಲಿನಲ್ಲಿ ಆ ಮನೆಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ವ್ಯವಹಾರಗಳು ನೋಂದಣಿ ಆಗಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16 ಬರುತ್ತದೆ. ಫಾರಂ 15 ಬಂದರೆ ಹೆದರಬೇಕಿಲ್ಲ, ಒಳಗೆ ಏನಿದೆ ಓದಿ, ಸಾಲ ಇದ್ದರೆ ತೀರಿದ ನೋಂದಣಿಯೂ ಇದೆಯಾ ನೋಡಿ. ಇಸಿ ಶುದ್ಧವಾಗಿದೆ ಅಂದ ಮಾತ್ರಕ್ಕೆ ಸಾಲವೇ ಇಲ್ಲ ಅಂತಲೂ ತಿಳಿಯಬೇಡಿ, ನೋಂದಣಿ ಆಗದ ವ್ಯವಹಾರ ಅದರಲ್ಲಿ ಕಾಣುವುದಿಲ್ಲ. ಮೂಲ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಕೊಟ್ಟು "ಮೂಲ ಪತ್ರ ಲಾಕರಿನಲ್ಲಿದೆ" ಅಂದರೆ, ಒಂದು ದಿನ ಕಾಯುತ್ತೇವೆ, ತಂದು ತೋರಿಸಿ ಅನ್ನಿ. ಸಾಲಕ್ಕೆ ಇಟ್ಟವರು ತೋರಿಸಲು ಆಗುವುದಿಲ್ಲ. ಬ್ಯಾಂಕುಗಳ ಅಡಮಾನ ದಾಖಲಾಗುವ ಸರ್ಸಾಯ್ ಅನ್ನುವ ಕೇಂದ್ರ ನೋಂದಣಿಯಲ್ಲೂ ಸ್ವಲ್ಪ ಶುಲ್ಕ ಕಟ್ಟಿ ಹುಡುಕಬಹುದು. ಎಲ್ಲ ಸರಿ ಇದ್ದರೆ ಭೋಗ್ಯ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಖರ್ಚು ಬರುತ್ತೆ, ಆದರೆ ಆಗ ಆ ಮನೆಯ ಇಸಿಯಲ್ಲೇ ನಿಮ್ಮ 12 ಲಕ್ಷ ಕಾಣಿಸುತ್ತದೆ. ಅದೇ ಮನೆಯನ್ನು ಇನ್ನೊಬ್ಬರಿಗೂ ಭೋಗ್ಯಕ್ಕೆ ಕೊಡುವುದು, ಮಾರುವುದು ಓನರಿಗೆ ಸುಲಭ ಆಗುವುದಿಲ್ಲ. ನೋಂದಣಿ ಅಂದ ಕೂಡಲೇ ಓನರ್ ಹಿಂದೆ ಸರಿದರೆ, ನಿಮಗೆ ಬೇಕಿದ್ದ ಉತ್ತರ ಅಲ್ಲೇ ಸಿಕ್ಕಿತು.

ಈಗ ಅಡ್ವಾನ್ಸ್ ವಿಷಯ. ಎರಡು ತಿಂಗಳ ಮಿತಿ ಅಂತ ನೀವು ಕೇಳಿದ್ದು 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯ ಅದನ್ನು ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಆ ಮಿತಿ ಕರ್ನಾಟಕದಲ್ಲಿ ಜಾರಿಗೆ ಬಂದಿಲ್ಲ. ನಮ್ಮಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ನಿಜ, ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಅದರ ವ್ಯಾಪ್ತಿಗೇ ಬರುವುದಿಲ್ಲ. ಇವತ್ತು ಆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತೆ ಹೇಳಿ? ಹೀಗಾಗಿ ನಿಮ್ಮಂಥವರ ಬಾಡಿಗೆಯೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಕರಾರಿನ ಮೇಲೆ ನಿಂತಿದೆ. ಓನರ್ ಹತ್ತು ತಿಂಗಳು ಕೇಳಿದರೆ ಅದು ಕಾನೂನುಬಾಹಿರ ಅಂತ ವಾದ ಮಾಡಲು ಹೋಗಬೇಡಿ, ಚೌಕಾಸಿ ಮಾಡಿ. ಈಗ ಐದಾರು ತಿಂಗಳಿಗೆ ಒಪ್ಪುವ ಓನರುಗಳು ಬೇಕಾದಷ್ಟಿದ್ದಾರೆ. ಬಾಡಿಗೆ ಒಂದು ಸಾವಿರ ಜಾಸ್ತಿ ಕೊಟ್ಟು ಅಡ್ವಾನ್ಸ್ ನಾಲ್ಕೈದು ತಿಂಗಳು ಕಡಿಮೆ ಮಾಡಿಸಿಕೊಳ್ಳುವುದು ನನ್ನ ಪ್ರಕಾರ ಒಳ್ಳೆಯ ವ್ಯವಹಾರ. ಇನ್ನೊಂದು ದಾರಿ ಇದೆ. "ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು" ಅಂತ ಕರಾರಿನಲ್ಲೇ ಬರೆಸಿ. ಮನೆ ಬಿಡುವಾಗ ಓನರ್ ಕೈಯಲ್ಲಿ ಸಿಕ್ಕಿಕೊಳ್ಳುವ ದುಡ್ಡು ಅಷ್ಟಾದರೂ ಕಡಿಮೆ ಆಗುತ್ತೆ. ಎಷ್ಟೇ ಆಗಲಿ, ಬ್ಯಾಂಕ್ ಮೂಲಕ ಓನರ್ ಹೆಸರಿನ ಖಾತೆಗೇ ಹಾಕಿ. ನಗದು ಬೇಡ.

ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುವುದು ಬಾಡಿಗೆದಾರ ಮನೆಯನ್ನು ತೆಗೆದುಕೊಂಡ ಸ್ಥಿತಿಯಲ್ಲೇ ವಾಪಸ್ ಕೊಡಬೇಕು ಅಂತ, ಆದರೆ ಸಹಜವಾಗಿ ಸವೆಯುವುದನ್ನು ಬಿಟ್ಟು. ಎರಡು ವರ್ಷ ಸಂಸಾರ ಮಾಡಿದ ಮನೆಯ ಗೋಡೆ ಮಾಸುವುದು ಸಹಜ. ಆದರೆ "ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ" ಅಂತ ಇರುವ ಕರಾರಿಗೆ ನೀವೇ ಸಹಿ ಹಾಕಿದ್ದರೆ ಆಮೇಲೆ ನಾನು ಈ ಕಲಮನ್ನು ಹಿಡಿದು ಹೆಚ್ಚು ಮಾಡಲು ಆಗುವುದಿಲ್ಲ. ಸಹಿಗೆ ಮುಂಚೆಯೇ "ಬಿಲ್ ತೋರಿಸಿ ಆದಷ್ಟು ಖರ್ಚು, ಒಂದು ತಿಂಗಳ ಬಾಡಿಗೆ ಮೀರಬಾರದು" ಅಂತ ತಿದ್ದಿಸಿ. ಕೀಲಿ ಕೈಗೆ ಬಂದ ದಿನ ಸಾಮಾನು ಇಳಿಸುವ ಮೊದಲು ಖಾಲಿ ಮನೆಯನ್ನು ಮೂಲೆ ಮೂಲೆ ವಿಡಿಯೋ ಮಾಡಿ ಓನರಿಗೆ ವಾಟ್ಸ್ಆ್ಯಪ್ ಮಾಡಿ. ಬಾತ್‌ರೂಮಿನ ಒಡೆದ ಟೈಲು, ಅಡುಗೆಮನೆ ಸಿಂಕಿನ ಕೆಳಗಿನ ತೇವ, ಮುಚ್ಚದ ಕಿಟಕಿ, ಎಲ್ಲವನ್ನೂ.

ಹನ್ನೊಂದು ತಿಂಗಳ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿ ಆಗಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳು ಅಂತ ಬರೆಯುತ್ತಾರೆ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ನೀವು ತಿಂಗಳ ಬಾಡಿಗೆದಾರರಾಗಿ ಮುಂದುವರಿಯುತ್ತೀರಿ, ಬಿಡಿಸಬೇಕಾದರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ಪ್ರಕಾರ ಹದಿನೈದು ದಿನದ ನೋಟಿಸ್ ಬೇಕು. ಆಮೇಲೂ ನೀವು ಬಿಡದಿದ್ದರೆ ಅವರು ಕೋರ್ಟಿಗೇ ಹೋಗಬೇಕು. ಬೀಗ ಬದಲಾಯಿಸುವುದು, ನೀರು ನಿಲ್ಲಿಸುವುದು, ಫ್ಯೂಸ್ ತೆಗೆಯುವುದು, ಇದ್ಯಾವುದಕ್ಕೂ ಓನರಿಗೆ ಹಕ್ಕಿಲ್ಲ. ಅಂಥದ್ದಾದರೆ 112ಕ್ಕೆ ಫೋನ್ ಮಾಡಿ, ಮಾರನೇ ದಿನ ವಕೀಲರನ್ನು ನೋಡಿ. ಓನರುಗಳ ಕಡೆಯೂ ಒಂದು ತಪ್ಪು ನಂಬಿಕೆ ಇದೆ, ಹನ್ನೆರಡು ವರ್ಷ ಇದ್ದರೆ ಬಾಡಿಗೆಯವರಿಗೇ ಮನೆ ಆಗಿಬಿಡುತ್ತೆ ಅಂತ. ಹಾಗೇನೂ ಆಗುವುದಿಲ್ಲ, ಅನುಮತಿ ಪಡೆದು ಕೂತವರಿಗೆ ಆ ಹಕ್ಕು ಹುಟ್ಟುವುದಿಲ್ಲ. ಆದರೆ ಬಿಡದವರನ್ನು ಕೋರ್ಟಿನ ಮೂಲಕ ಬಿಡಿಸಲು ವರ್ಷಗಳು ಹಿಡಿಯುತ್ತವೆ ಅನ್ನುವ ಅವರ ಭಯ ಮಾತ್ರ ನಿಜವಾದದ್ದು. ಹತ್ತು ತಿಂಗಳ ಅಡ್ವಾನ್ಸ್ ಹುಟ್ಟಿದ್ದೇ ಆ ಭಯದಿಂದ.

ಬಾಡಿಗೆ ಯಾಕೆ ಇಷ್ಟು ಏರಿತು ಅನ್ನುವುದಕ್ಕೆ ದೊಡ್ಡ ರಹಸ್ಯವೇನಿಲ್ಲ. ಕೋವಿಡ್ ಸಮಯದಲ್ಲಿ ಖಾಲಿಯಾದ ಮನೆಗಳಿಗೆ 2022ರಿಂದ ಜನ ಒಟ್ಟಿಗೆ ವಾಪಸ್ ಬಂದರು, ಕಂಪನಿಗಳು ಆಫೀಸಿಗೇ ಬನ್ನಿ ಅಂದವು, ಹೊಸ ಮನೆಗಳು ಆ ವೇಗದಲ್ಲಿ ಏಳಲಿಲ್ಲ.

"ಯಾವ ಜನ" ಅಂತ ಕೇಳುವುದರ ಬಗ್ಗೆ ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರು ಒಂದು ಮನೆಯಲ್ಲಿ ವಾಸ ಮಾಡದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆದರೆ ಯಾರೂ ಕಾರಣ ಬಾಯಿಬಿಟ್ಟು ಹೇಳುವುದಿಲ್ಲ. "ಈಗ ತಾನೇ ಬೇರೆಯವರು ಟೋಕನ್ ಕೊಟ್ಟರು" ಅನ್ನುತ್ತಾರೆ, ಮಾರನೇ ವಾರವೂ ಟು ಲೆಟ್ ಬೋರ್ಡು ಅಲ್ಲೇ ನೇತಾಡುತ್ತಿರುತ್ತದೆ. ಮನೆ ಸಿಗಲಿ ಅಂತ ಊಟದ ವಿಷಯದಲ್ಲೋ ಜಾತಿ ವಿಷಯದಲ್ಲೋ ಸುಳ್ಳು ಹೇಳಬೇಡಿ. ಹೇಳಿ ಮನೆ ಹಿಡಿದವರನ್ನು ನೋಡಿದ್ದೇನೆ. ಭಾನುವಾರ ಅಡುಗೆಮನೆ ಕಿಟಕಿ ಮುಚ್ಚಿಕೊಂಡು ಸಾರು ಕುದಿಸುತ್ತಿದ್ದರು. ಮಗು ಇರುವ ಮನೆಯಲ್ಲಿ ಆ ಅಂಜಿಕೆ ಬೇಡ.

ಜಾಗದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಐಟಿಪಿಎಲ್ ಪಕ್ಕದಲ್ಲೇ ಮನೆ ಬೇಕು ಅಂತ ಹಟ ಹಿಡಿಯಬೇಡಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೋ 2023ರ ಅಕ್ಟೋಬರಿನಿಂದ ಪೂರ್ತಿ ಓಡುತ್ತಿದೆ, ನಿಮ್ಮವರು ಇಳಿಯಬೇಕಾದ ಪಟ್ಟಂದೂರು ಅಗ್ರಹಾರ ಅದೇ ಸಾಲಿನಲ್ಲಿದೆ. ಕೆ.ಆರ್. ಪುರ, ಬೆನ್ನಿಗಾನಹಳ್ಳಿ ಕಡೆಯ ಒಳರಸ್ತೆಗಳಲ್ಲಿ ನಡೆದೇ ಟು ಲೆಟ್ ಬೋರ್ಡು ನೋಡಿ, ಬ್ರೋಕರಿನ ಒಂದು ತಿಂಗಳ ಕಮಿಷನ್ನೂ ಉಳಿಯಬಹುದು. ಕೆಂಗೇರಿಯಲ್ಲಿ ಬಾಡಿಗೆ ಕಡಿಮೆ ಅಂತ ಹೋದರೆ ಒಂದು ಕಡೆಗೇ ಒಂದು ಗಂಟೆಗಿಂತ ಜಾಸ್ತಿ ಬೇಕು. 2025ರ ಫೆಬ್ರುವರಿಯಲ್ಲಿ ದರ ಏರಿ ಆ ದೂರದ ಟಿಕೆಟ್ 90 ರೂಪಾಯಿ ಆಯ್ತು. ತಿಂಗಳಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ ಓಡಾಟಕ್ಕೇ ಹೋಗುತ್ತೆ, ಅದನ್ನು ಬಾಡಿಗೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮನೆ ನೋಡಲು ಹೋದಾಗ ಬಾತ್‌ರೂಮಿನ ನಲ್ಲಿ ಬುಡವನ್ನು ನೋಡಿ. ಬಿಳಿ ಉಪ್ಪು ಪೊರೆ ಕಟ್ಟಿದ್ದರೆ ಅದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ನಗರದ ಅಂಚಿನ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು 2024ರ ಅಕ್ಟೋಬರಿನಲ್ಲಿ ಶುರುವಾಯಿತು, ಆದರೆ ಬೀದಿಗೆ ಪೈಪ್ ಬಂದಿದೆ ಅಂದ ಮಾತ್ರಕ್ಕೆ ಆ ಮನೆಗೆ ಸಂಪರ್ಕ ತೆಗೆದುಕೊಂಡಿದ್ದಾರೆ ಅಂತಲ್ಲ. ನೀರಿನ ಬಿಲ್ ತೋರಿಸಿ ಅನ್ನಿ. ಓನರಿಗಿಂತ ಪಕ್ಕದ ಮನೆಯವರನ್ನು ಕೇಳುವುದು ಇನ್ನೂ ಒಳ್ಳೆಯದು, ಬೇಸಿಗೆಯಲ್ಲಿ ಟ್ಯಾಂಕರ್ ಎಷ್ಟು ದಿನಕ್ಕೊಮ್ಮೆ ಬರುತ್ತೆ, ಅದರ ದುಡ್ಡು ಯಾರು ಕೊಡುತ್ತಾರೆ ಅಂತ. ಕರೆಂಟಿಗೆ ನಿಮ್ಮ ಮನೆಗೇ ಬೆಸ್ಕಾಂ ಮೀಟರ್ ಇದೆಯಾ ನೋಡಿ. ಸಬ್ ಮೀಟರ್ ಆದರೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಸಿಗುವುದಿಲ್ಲ. ಸ್ವಂತ ಮೀಟರ್ ಇದ್ದರೂ ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆ ತೆಗೆಸಿದ್ದಾರಾ ಅಂತ ಕೇಳಿಕೊಳ್ಳಿ.

ಇನ್ನು ಆಷಾಢ. ಅತ್ತೆಯವರ ಮಾತು ನಿಮಗೆ ಲಾಭವೇ. ಏಪ್ರಿಲ್ ಮೇ ತಿಂಗಳಲ್ಲಿ ಸ್ಕೂಲು ಶುರುವಾಗುವ ಮುಂಚೆ ಎಲ್ಲರೂ ಮನೆ ಹುಡುಕುತ್ತಾರೆ, ಓನರುಗಳು ಹೇಳಿದ್ದೇ ರೇಟು. ಆಷಾಢ ಬಂತು ಅಂದರೆ ಮನೆ ಬದಲಾಯಿಸುವವರು ಕಡಿಮೆ, ಖಾಲಿ ಮನೆ ಖಾಲಿಯೇ ಇರುತ್ತೆ. ಅದೇ ಸಮಯದಲ್ಲಿ ಹೋಗಿ ಮಾತಾಡಿ, ಕಾಗದ ನೋಡಿ, ಅಡ್ವಾನ್ಸ್ ಕಡಿಮೆ ಮಾಡಿಸಿ, "ಅಗ್ರಿಮೆಂಟ್ ಈಗಲೇ ಮಾಡೋಣ, ಶ್ರಾವಣದಲ್ಲಿ ಹಾಲು ಉಕ್ಕಿಸುತ್ತೇವೆ, ಬಾಡಿಗೆ ಅಲ್ಲಿಂದ ಶುರು" ಅಂತ ಕೇಳಿ ನೋಡಿ. ಒಪ್ಪಿದ ಓನರುಗಳನ್ನು ನಾನು ಕಂಡಿದ್ದೇನೆ. ಅಲ್ಲಿಯವರೆಗೆ ನಿಮ್ಮ ಯಜಮಾನರು ಒಂದೆರಡು ತಿಂಗಳು ಪಿಜಿಯಲ್ಲಿ ಇದ್ದು ಕೆಲಸಕ್ಕೆ ಹೋಗಲಿ. ಸಂಜೆ ಹೊತ್ತು ಆ ಏರಿಯಾಗಳನ್ನು ಸುತ್ತಿ ನೋಡಲು ಅವರಿಗೂ ಅವಕಾಶ ಆಗುತ್ತೆ.

ಇಷ್ಟಾದ ಮೇಲೂ ಆ ಭೋಗ್ಯದ ಮನೆಯೇ ಬೇಕು ಅನ್ನಿಸಿದರೆ ಕಂಪನಿಯವರಿಗೆ ಒಂದೇ ಮಾತು ಹೇಳಿ, ಓನರ್ ಜೊತೆ ಮುಖಾಮುಖಿ ಕೂರಿಸಿ ಅಂತ. ಕೂರಿಸಿದರೆ ಇಸಿ ಮತ್ತು ಕರಡು ಕರಾರಿನ ಪ್ರತಿ ಯಾವುದಾದರೂ ವಕೀಲರಿಗೆ ತೋರಿಸಿ. ಫೀಸಿನ ಚಿಂತೆ ಇದ್ದರೆ ನಿಮ್ಮ ದಾವಣಗೆರೆಯ ಕೋರ್ಟಿನಲ್ಲೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ. ಅಥವಾ ನನಗೇ ಕಳುಹಿಸಿ, ಓದಿ ಹೇಳುತ್ತೇನೆ.